ಜೀರಿಗೆ ಕೂಗಿದ ರಾತ್ರಿಗಳು

ಶಿವರಾತ್ರಿಯ ದಿನ ದೇವಸ್ಥಾನದಿಂದ ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಮೆಟ್ಟಿಲು ಹತ್ತುತ್ತಿರುವಾಗಲೇ ಒಳಗಿನಿಂದ ಕೂಗು ಕೇಳಿಸಿತು. ಮಗು ಅತ್ತ ಹಾಗೆ. ಆದರೆ ಯಾವ ಮಗುವೂ ಹಾಗೆ ಎಳೆದೆಳೆದು, ಗಂಟಲಿನ ತಳದಿಂದ ಅಳುವುದಿಲ್ಲ. ಬೀಗ ತೆಗೆಯುವಾಗ ಕೈ ನಡುಗುತ್ತಿತ್ತು. ನನ್ನ ಬೆಕ್ಕು ಜೀರಿಗೆ ಎಲ್ಲಿಂದಲೋ ಬಿದ್ದು ಕಾಲು ಮುರಿದುಕೊಂಡಿದ್ದಾಳೆ ಅಂತಲೇ ಅಂದುಕೊಂಡೆ.

ಬಾಗಿಲು ತೆರೆದರೆ ಅವಳು ಹಾಲ್‌ನ ನಡುವೆ ಹೊರಳಾಡುತ್ತಿದ್ದಳು. ಈ ಮಗ್ಗುಲಿಂದ ಆ ಮಗ್ಗುಲಿಗೆ. ನನ್ನನ್ನು ಕಂಡವಳೇ ಎದ್ದು ಬಂದು ಕಾಲಿಗೆ, ಬಾಗಿಲಿನ ಚೌಕಟ್ಟಿಗೆ, ಚಪ್ಪಲಿ ಸ್ಟ್ಯಾಂಡಿಗೆ ಕೆನ್ನೆ ಉಜ್ಜಿದಳು. ಬೆನ್ನು ಸವರಿದೆ. ತಕ್ಷಣ ಮುಂಗಾಲು ಮಡಿಸಿ ಎದೆಯನ್ನು ನೆಲಕ್ಕೆ ಒತ್ತಿದಳು. ಹಿಂಭಾಗ ಮೇಲೆತ್ತಿ, ಬಾಲ ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲಿನಲ್ಲಿ ನೆಲ ತುಳಿಯತೊಡಗಿದಳು. ಸೊಂಟಕ್ಕೆ ಏನೋ ಆಗಿದೆ ಅಂತ ನನಗೆ ಹೆದರಿಕೆಯಾಯಿತು. ಹೊಟ್ಟೆ ಮುಟ್ಟಿ ನೋಡಿದೆ. ಕಾಲು ಹಿಡಿದು ನೋಡಿದೆ. ಎಲ್ಲೂ ನೋವಿನ ಗುರುತಿಲ್ಲ. ಕೈ ತೆಗೆದರೆ ಮತ್ತೆ ಅದೇ ಕೂಗು. ಬೆಳಗಿನ ತನಕ ಅವಳೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ ಜಾಗರಣೆಗೆ ಭಜನೆ ಇಟ್ಟುಕೊಂಡಿದ್ದರು. ತಾಳದ ಸದ್ದಿನಲ್ಲಿ ಅವರಿಗೆ ಇದು ಕೇಳಿಸಿರಲಿಕ್ಕಿಲ್ಲ.

ಜೀರಿಗೆ ನನಗೆ ಸಿಕ್ಕಿದ್ದು ಗಣೇಶನ ಹಬ್ಬದ ವಾರ. ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಬೀದಿಯ ಕೊನೆಯ ಮೋರಿಯ ಪಕ್ಕ ಮಳೆಯಲ್ಲಿ ನೆನೆದು ಕೂತಿದ್ದಳು. ಒಂದೂವರೆ ತಿಂಗಳ ಮರಿ ಇರಬಹುದು ಅಂದಿದ್ದರು ಡಾಕ್ಟರು. ಬೂದುಗಂದು ಮೈ, ಮೇಲೆ ಸಣ್ಣ ಸಣ್ಣ ಗೆರೆ. ಅಂಗೈಯಲ್ಲಿ ಒಂದು ಹಿಡಿ ಜೀರಿಗೆ ಇಟ್ಟುಕೊಂಡ ಹಾಗೆ ಕಂಡಳು, ಅದಕ್ಕೇ ಆ ಹೆಸರು. ಲಸಿಕೆಗಳನ್ನೆಲ್ಲ ಸರಿಯಾಗಿ ಹಾಕಿಸಿದೆ. ಕೊನೆಯ ಲಸಿಕೆಯ ದಿನ ಡಾಕ್ಟರು, "ಐದಾರು ತಿಂಗಳಾದ ತಕ್ಷಣ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಬಿಡಿ, ತಡ ಮಾಡಬೇಡಿ" ಅಂತ ಹೇಳಿದ್ದರು. ಸಂಕ್ರಾಂತಿ ಮುಗಿಯಲಿ ಅಂದುಕೊಂಡೆ. ಸಂಕ್ರಾಂತಿ ಮುಗಿದ ಮೇಲೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು. ಅವಳಿನ್ನೂ ಮರಿಯ ಹಾಗೇ ಕಾಣುತ್ತಿದ್ದಳು. ಪರದೆ ಹಿಡಿದು ನೇತಾಡುವ, ನನ್ನ ಕೂದಲಿನ ಕ್ಲಿಪ್ಪನ್ನು ಮಂಚದ ಕೆಳಗೆ ಬಚ್ಚಿಡುವ ಮರಿ. ಇವಳಿಗೆ ಈಗಲೇ ಏನು ಅವಸರ ಅನ್ನಿಸಿಬಿಟ್ಟಿತ್ತು.

ಬೆಳಗ್ಗೆ ಒಂಬತ್ತಕ್ಕೆ ಕ್ಲಿನಿಕ್ ಮುಂದೆ ನಿಂತಿದ್ದೆ. ಡಾಕ್ಟರು ತೂಕ ನೋಡಿದರು. 2.4 ಕಿಲೋ. ಜ್ವರ ನೋಡಿದರು. ಬೆನ್ನಿನ ಕೆಳಭಾಗ ಮೆಲ್ಲಗೆ ಸವರಿದರು. ಜೀರಿಗೆ ಮೇಜಿನ ಮೇಲೂ ಅದೇ ಭಂಗಿಯಲ್ಲಿ ಕೂತಳು.

"ಕಾಯಿಲೆ ಏನೂ ಇಲ್ಲ. ಬೆದೆಗೆ ಬಂದಿದ್ದಾಳೆ."

ನಾನು ಸಾಗರದ ಕಡೆಯವಳು. ಕೊಟ್ಟಿಗೆಯಿದ್ದ ಮನೆಯಲ್ಲಿ ಬೆಳೆದವಳು. ಹಸು ಬೆದೆಗೆ ಬಂದರೆ ಹೇಗೆ ಕೂಗುತ್ತದೆ, ಹೇಗೆ ಮೇವು ಬಿಡುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪ ಬೆಳಗಿನ ಜಾವವೇ ದನದ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಆದರೆ ಬೆಕ್ಕಿನ ಬೆದೆಯನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ. ಊರಿನ ಬೆಕ್ಕು ಎರಡು ಮೂರು ದಿನ ಮನೆಗೆ ಬರುತ್ತಿರಲಿಲ್ಲ, ಆಮೇಲೆ ಬರುತ್ತಿತ್ತು. ಸ್ವಲ್ಪ ದಿನಕ್ಕೆ ಹೊಟ್ಟೆ ಕಾಣುತ್ತಿತ್ತು. ನಮಗೆ ಗೊತ್ತಿದ್ದದ್ದು ಅಷ್ಟೇ. ಬೆದೆಯ ದಿನಗಳನ್ನು ಅದು ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಕಳೆಯುತ್ತಿತ್ತು. ಜೀರಿಗೆಗೆ ಇರುವುದು ಎರಡು ಕೋಣೆ ಮತ್ತು ಒಂದು ಹಾಲ್.

ಡಾಕ್ಟರು ಅವತ್ತು ಹದಿನೈದು ನಿಮಿಷ ಕೂರಿಸಿಕೊಂಡು ಹೇಳಿದರು. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಹೆಚ್ಚಿನವು ಐದರಿಂದ ಒಂಬತ್ತು ತಿಂಗಳೊಳಗೆ ಬರುತ್ತವೆ. ನಾಯಿಗೆ ಆಗುವ ಹಾಗೆ ರಕ್ತಸ್ರಾವ ಆಗುವುದಿಲ್ಲ. ಬೆಕ್ಕಿನಲ್ಲಿ ರಕ್ತವೋ ಕೀವೋ ಕಂಡರೆ ಅದು ಬೆದೆಯಲ್ಲ, ತಕ್ಷಣ ಕರೆತರಬೇಕು. ಒಂದು ಬೆದೆ ಸುಮಾರು ಒಂದು ವಾರ ಇರುತ್ತದೆ. ಕೆಲವು ಬೆಕ್ಕುಗಳಿಗೆ ಮೂರು ನಾಲ್ಕು ದಿನ, ಕೆಲವಕ್ಕೆ ಎರಡು ವಾರವೂ ಆಗುತ್ತದೆ.

"ಒಂದು ವಾರ ಹೇಗೋ ತಡೆದುಕೊಂಡರೆ ಮುಗೀತಲ್ಲ ಡಾಕ್ಟ್ರೇ?" ಅಂತ ಕೇಳಿದೆ.

ಮುಗಿಯುವುದಿಲ್ಲ ಅಂದರು. ನನಗೆ ಗೊತ್ತಿಲ್ಲದಿದ್ದ ಸಂಗತಿ ಅದು. ಹಸುವಿಗೆ, ನಾಯಿಗೆ ಅಂಡ ತಾನಾಗಿಯೇ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡು ಸೇರಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಗಂಡು ಸೇರದಿದ್ದರೆ ಮೈ ಸ್ವಲ್ಪ ದಿನ ತಣ್ಣಗಾಗುತ್ತದೆ, ಮತ್ತೆ ಎರಡು ಮೂರು ವಾರಕ್ಕೆ ಶುರು. ಇದಕ್ಕೆ ಹಗಲಿನ ಬೆಳಕು ಕೂಡ ಕಾರಣ. ಚಳಿಯ ದೇಶಗಳಲ್ಲಿ ಚಳಿಗಾಲದ ಹಗಲು ತುಂಬಾ ಚಿಕ್ಕದು, ಹಾಗಾಗಿ ಅಲ್ಲಿಯ ಬೆಕ್ಕುಗಳಿಗೆ ಕೆಲವು ತಿಂಗಳು ಬಿಡುವು ಸಿಗುತ್ತದೆ. ಮೈಸೂರಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಹೆಚ್ಚೆಂದರೆ ಒಂದೂವರೆ ಗಂಟೆ ವ್ಯತ್ಯಾಸ. ಅದರ ಮೇಲೆ ಮನೆಯೊಳಗೆ ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್ ಬೇರೆ. ಹೀಗಿರುವಾಗ ಬೆದೆ ವರ್ಷವಿಡೀ ತಿರುಗಿ ತಿರುಗಿ ಬರಬಹುದು.

ಬೆದೆಯಲ್ಲಿರುವಾಗಲೂ ಆಪರೇಷನ್ ಮಾಡುತ್ತಾರೆ. ಆದರೆ ಆಗ ಗರ್ಭಕೋಶಕ್ಕೆ ರಕ್ತದ ಓಟ ಜಾಸ್ತಿ ಇರುತ್ತದೆ. ತುರ್ತು ಇಲ್ಲದಿದ್ದರೆ ಬೆದೆ ಇಳಿದ ಮೇಲೆ ಮಾಡೋಣ ಅಂದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಹಾಗೆ, ಅವತ್ತಿನಿಂದ ಒಂದೊಂದು ದಿನಕ್ಕೂ ಗೀಟು ಹಾಕಲು ಶುರು ಮಾಡಿದೆ.

ಎರಡನೇ ರಾತ್ರಿ ಅಜ್ಜಿ ಮೇಲೆ ಬಂದರು. ಗಂಟೆ ಎರಡು. "ಏನಮ್ಮಾ ಇದು, ಬೆಕ್ಕು ಹೀಗೆ ಅಳಬಾರದು ಕಣಮ್ಮ. ಮನೆಗೆ ಒಳ್ಳೇದಲ್ಲ" ಅಂದರು. ಅವರ ಮೊಮ್ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರದಲ್ಲಿತ್ತು. ನಾನು ಅವರನ್ನು ಒಳಗೆ ಕರೆದು ಕೂರಿಸಿ ವಿಷಯ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಜೀರಿಗೆಯನ್ನೇ ನೋಡಿದರು. "ಅಯ್ಯೋ, ಪಾಪ ಹೆಣ್ಣು" ಅಂದರು. ಆಮೇಲೆ ಅವರು ಶಕುನದ ಮಾತು ಎತ್ತಲಿಲ್ಲ. ಮಗುವಿಗೆ ಓದೋಕೆ ಕಷ್ಟ ಆಗುತ್ತೆ, ಏನಾದರೂ ಮಾಡು ಅಂತ ಮಾತ್ರ ಕೇಳಿಕೊಂಡರು. ಮರುದಿನವೇ ಆ ಹುಡುಗಿಯ ಕೋಣೆಯ ಮೇಲೆ ಬರುವ ನನ್ನ ಬೆಡ್‌ರೂಮನ್ನು ಮುಚ್ಚಿ, ನಾನೂ ಜೀರಿಗೆಯೂ ಆಚೆ ತುದಿಯ ಸಣ್ಣ ಕೋಣೆಗೆ ಹೋದೆವು. ಕಿಟಕಿಗೆ ದಪ್ಪ ರಗ್ಗು ಕಟ್ಟಿದೆ. ಬಾಗಿಲಿನ ಸಂದಿಗೆ ಹಳೆಯ ಬೆಡ್‌ಶೀಟ್ ಸುರುಳಿ ಸುತ್ತಿ ಇಟ್ಟೆ.

ಆ ಎಂಟು ದಿನದಲ್ಲಿ ಏನೇನು ಮಾಡಿ ನೋಡಿದೆ ಅಂತ ಬರೆಯಬೇಕು, ಯಾಕೆಂದರೆ ಆಗ ನನಗೆ ಬೇಕಿದ್ದದ್ದು ಅದೇ. ಮೊದಲು ನಾನು ಮಾಡಿದ ತಪ್ಪು, ಅವಳು ಕೂಗಿದಾಗೆಲ್ಲ ಬೆನ್ನು, ಸೊಂಟ ಸವರುತ್ತಿದ್ದದ್ದು. ಸಮಾಧಾನ ಮಾಡುತ್ತಿದ್ದೇನೆ ಅಂತ ನನ್ನ ಲೆಕ್ಕ. ಬಾಲದ ಬುಡದ ಹತ್ತಿರ ಕೈ ಹೋದರೆ ಅವಳ ಮೈ ಇನ್ನಷ್ಟು ಕೆರಳುತ್ತಿತ್ತು. ಆಮೇಲೆ ತಲೆ, ಕೆನ್ನೆ, ಗಲ್ಲದ ಕೆಳಗೆ ಮಾತ್ರ ಸವರಿದೆ. ಅದು ಅವಳಿಗೆ ಹಿತವಾಗುತ್ತಿತ್ತು. ರಾತ್ರಿ ಹತ್ತಕ್ಕೆ ಒಂದು ಕೋಲಿಗೆ ದಾರ, ದಾರಕ್ಕೆ ಬಟ್ಟೆ ಚೂರು ಕಟ್ಟಿ, ಅವಳು ಏದುಸಿರು ಬಿಡುವ ಮೊದಲೇ ನಿಲ್ಲಿಸಿ ನಿಲ್ಲಿಸಿ ಅರ್ಧ ಗಂಟೆ ಆಡಿಸುತ್ತಿದ್ದೆ. ಆಟದ ಹಿಂದೆಯೇ ಊಟ. ಬೆದೆಯಲ್ಲಿ ಊಟ ಕಡಿಮೆ ಮಾಡಿದ್ದಳು, ಆದರೆ ಆಡಿದ ಮೇಲೆ ಬೇಯಿಸಿದ ಕೋಳಿ ಚೂರನ್ನು ಸ್ವಲ್ಪ ತಿನ್ನುತ್ತಿದ್ದಳು. ತಿಂದು ಮೈ ನೆಕ್ಕಿಕೊಂಡು ಒಂದು ಗಂಟೆ ಮಲಗುತ್ತಿದ್ದಳು. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಒರಗುತ್ತಿದ್ದಳು. ದೀಪವನ್ನು ಒಂಬತ್ತಕ್ಕೇ ಆರಿಸಿದೆ. ಇದರಿಂದೆಲ್ಲ ಕೂಗು ನಿಲ್ಲಲಿಲ್ಲ. ರಾತ್ರಿಯಿಡೀ ಇದ್ದದ್ದು ನಡುನಡುವೆ ಒಂದೊಂದು ಗಂಟೆ ಬಿಡುವು ಕೊಡುವ ಹಾಗಾಯಿತು. ಆ ಒಂದೊಂದು ಗಂಟೆಯಲ್ಲಿ ಇಬ್ಬರೂ ನಿದ್ದೆ ಮಾಡಿದೆವು.

ಗದರುವುದರಿಂದ ಏನೂ ಆಗುವುದಿಲ್ಲ. ನಾಲ್ಕನೇ ರಾತ್ರಿ, ಬೆಳಗ್ಗೆ ಬೇಗ ಮೀಟಿಂಗ್ ಇತ್ತು, ನಾನು ಜೋರಾಗಿ "ಸಾಕು!" ಅಂತ ಕಿರುಚಿಬಿಟ್ಟೆ. ಅವಳು ಹೆದರಿ ಬೀರುವಿನ ಕೆಳಗೆ ನುಗ್ಗಿದಳು. ಅಲ್ಲಿಂದಲೇ ಕೂಗಿದಳು. ಹೆದರಿಕೆಯಲ್ಲೂ ಅವಳಿಗೆ ಅದನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ಅದನ್ನು ಕೇಳಿ ನನಗೆ ಅಳು ಬಂತು. ನೆಲದ ಮೇಲೆ ಮಲಗಿ ಬೀರುವಿನ ಕೆಳಗೆ ಕೈ ಚಾಚಿದೆ. ಬಹಳ ಹೊತ್ತಿನ ಮೇಲೆ ಬಂದು ಅಂಗೈಗೆ ಹಣೆ ಇಟ್ಟಳು.

ಐದನೇ ದಿನದಿಂದ ಗಡವ ಬೆಕ್ಕು ಬರಲು ಶುರುವಾಯಿತು. ಕೆಂಚು ಬಣ್ಣ, ಉಬ್ಬಿದ ಕೆನ್ನೆ, ಹರಿದ ಕಿವಿ. ಪಕ್ಕದ ಮನೆಯ ಶೀಟಿನ ಮೇಲೆ ದಡದಡ ಓಡಿ ಬಂದು ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಕೂರುತ್ತಿದ್ದ. ಒಳಗಿಂದ ಇವಳು, ಹೊರಗಿಂದ ಅವನು. ಕಿಟಕಿಯಲ್ಲಿದ್ದ ಸೊಳ್ಳೆ ಪರದೆಯನ್ನು ಜೀರಿಗೆ ಉಗುರಿನಲ್ಲಿ ಒಂದು ಮೂಲೆ ಹರಿದಳು. ಅವತ್ತೇ ಬಡಗಿಯನ್ನು ಕರೆಸಿ ಕಬ್ಬಿಣದ ಜಾಲರಿ ಹೊಡೆಸಿದೆ. ಅವನು ಮೆಟ್ಟಿಲಿಗೆ, ಬಾಗಿಲಿಗೆ ಉಚ್ಚೆ ಹಾರಿಸಿ ಹೋಗುತ್ತಿದ್ದ. ಆ ವಾಸನೆ ಎಷ್ಟು ಕಟು ಅಂದರೆ, ಅಜ್ಜಿ ಫಿನಾಯಿಲ್ ಬಾಟಲಿ ಹಿಡಿದು ಬಂದರು. ನಾನು ತಡೆದೆ. ಫಿನಾಯಿಲಿನಂಥ ವಸ್ತುಗಳು ಬೆಕ್ಕಿಗೆ ವಿಷ. ಕಾಲಿಗೆ ತಾಗಿದ್ದನ್ನು ನೆಕ್ಕಿಕೊಂಡರೂ ಸಾಕು, ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಸೋಪಿನ ನೀರು, ಆಮೇಲೆ ಅಡುಗೆ ಸೋಡಾ ಹಾಕಿ ನಾನೇ ದಿನಾ ಮೆಟ್ಟಿಲು ತೊಳೆದೆ. ಜೀರಿಗೆ ಕೂಡ ಒಂದು ದಿನ ನನ್ನ ರಜಾಯಿಯ ಮೇಲೆ ಉಚ್ಚೆ ಹೊಯ್ದಳು. ಬೆದೆಯಲ್ಲಿ ಅದೂ ಗಂಡಿಗೆ ಕೊಡುವ ಸುದ್ದಿಯಂತೆ.

ಇದೇ ದಿನಗಳಲ್ಲಿ ಒಬ್ಬರು, ಅಂಗಡಿಯಲ್ಲಿ ಬೆದೆ ನಿಲ್ಲಿಸುವ ಮಾತ್ರೆ ಸಿಗುತ್ತೆ, ತಿಂಗಳಿಗೊಂದು ಕೊಟ್ಟರೆ ಆಪರೇಷನ್ನೇ ಬೇಡ ಅಂದರು. ಆ ಸುಸ್ತಿನಲ್ಲಿ ನನಗೆ ಆಸೆಯಾಗಿದ್ದು ನಿಜ. ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಆ ಹಾರ್ಮೋನ್ ಮಾತ್ರೆ, ಚುಚ್ಚುಮದ್ದುಗಳಿಂದ ಗರ್ಭಕೋಶದಲ್ಲಿ ಕೀವು ತುಂಬಬಹುದು, ಮೊಲೆಯಲ್ಲಿ ಗಡ್ಡೆ ಬರಬಹುದು, ಸಕ್ಕರೆ ಕಾಯಿಲೆಯೂ ಬರಬಹುದು ಅಂದರು. ಮನುಷ್ಯರ ನಿದ್ದೆ ಮಾತ್ರೆ, ನೋವಿನ ಮಾತ್ರೆಯನ್ನೂ ಕೊಡಬೇಡಿ ಅಂತ ಅವರೇ ಎಚ್ಚರಿಸಿದರು. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಅಮ್ಮನಿಗೆ ಫೋನ್ ಮಾಡಿದಾಗ ಹಿಂದಿನಿಂದ ಜೀರಿಗೆಯ ಕೂಗು ಅವಳಿಗೂ ಕೇಳಿಸಿತು. "ಒಂದು ಸಲ ಮರಿ ಹಾಕ್ಲಿ ಬಿಡೇ. ಹೆಣ್ಣು ಜೀವ ಅಲ್ದಾ?" ಅಂದಳು. ಈ ಮಾತು ನನ್ನನ್ನು ಕಾಡಿತು. ಜೀರಿಗೆಯ ಪರವಾಗಿ ನಾನು ತೀರ್ಮಾನ ಮಾಡುವುದು ಸರಿಯಾ? ಡಾಕ್ಟರಿಗೆ ಇದನ್ನೂ ಕೇಳಿದೆ. ಒಂದು ಸಲ ಮರಿ ಹಾಕುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಅಂದರು. ಬದಲಿಗೆ, ಆರು ತಿಂಗಳೊಳಗೆ ಆಪರೇಷನ್ ಆದರೆ ಮೊಲೆಯ ಗಡ್ಡೆಯ ಅಪಾಯ ಶೇ. 91ರಷ್ಟು, ಒಂದು ವರ್ಷದೊಳಗೆ ಆದರೆ ಶೇ. 86ರಷ್ಟು ಕಡಿಮೆ. ಬೆಕ್ಕಿಗೆ ಬರುವ ಆ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಆಗಿರುತ್ತವೆ. ಆರು ತಿಂಗಳ ಗಡುವನ್ನು ನಾನು ಆಗಲೇ ಕಳೆದುಕೊಂಡಿದ್ದೆ.

ಒಂಬತ್ತನೇ ದಿನ ಬೆಳಗ್ಗೆ ಎದ್ದರೆ ಮನೆ ನಿಶ್ಶಬ್ದ. ಜೀರಿಗೆ ಕಿಟಕಿಯ ಬಿಸಿಲಿನಲ್ಲಿ ಕೈಕಾಲು ಚಾಚಿ ಮಲಗಿದ್ದಳು. ಎದ್ದು ಬಟ್ಟಲು ತುಂಬಾ ತಿಂದಳು. ಕ್ಲಿಪ್ಪು ಕದ್ದಳು.

ಈಗ ಹೇಳಬೇಕಾದ್ದು ನನಗೆ ಇವತ್ತಿಗೂ ಕಷ್ಟದ ಮಾತು. ಡಾಕ್ಟರು ಬೆದೆ ಇಳಿದ ಹತ್ತನೇ ದಿನಕ್ಕೆ ಆಪರೇಷನ್ ದಿನ ಕೊಟ್ಟಿದ್ದರು. ಅದೇ ವಾರ ನನಗೆ ಆಫೀಸಿನಿಂದ ಹುಬ್ಬಳ್ಳಿಗೆ ಎರಡು ದಿನ ಹೋಗಲು ಹೇಳಿದರು. ಆಪರೇಷನ್ ಮಾಡಿಸಿ ಬಿಟ್ಟು ಹೋಗುವ ಹಾಗಿಲ್ಲ. ಒಂದು ವಾರ ಮುಂದಕ್ಕೆ ಹಾಕಿ ಅಂತ ಕೇಳಿಕೊಂಡೆ. ಎರಡು ಮೂರು ವಾರಕ್ಕೆ ಮತ್ತೆ ಬರುತ್ತೆ ಅಂತ ಅವರೇ ಹೇಳಿದ್ದರಲ್ವಾ, ಮೂರು ವಾರ ಅನ್ನುವುದನ್ನೇ ಹಿಡಿದುಕೊಂಡೆ. ಆಫೀಸಿನಲ್ಲಿ ಬೇರೆ ಯಾರನ್ನಾದರೂ ಕಳಿಸಿ ಅಂತ ಒಂದು ಮಾತು ಕೇಳಬಹುದಿತ್ತು. ಬೆಕ್ಕಿಗೋಸ್ಕರ ರಜೆ ಅಂದರೆ ಏನಂದುಕೊಳ್ಳುತ್ತಾರೋ ಅಂತ ಕೇಳಲಿಲ್ಲ.

ಬೆದೆ ಇಳಿದ ಹದಿಮೂರನೇ ದಿನ ಮತ್ತೆ ಶುರುವಾಯಿತು. ಈ ಸಲ ಕೂಗು ಇನ್ನೂ ಜೋರು. ನನಗೆ ಈಗ ದಾರಿ ಗೊತ್ತಿತ್ತು. ಸಣ್ಣ ಕೋಣೆ, ರಗ್ಗು, ಕೋಲಿನ ಆಟ, ಬಿಸಿನೀರಿನ ಬಾಟಲಿ. ಮೂರು ರಾತ್ರಿ ಹೇಗೋ ಕಳೆದೆವು. ನಾಲ್ಕನೇ ದಿನ ಗ್ಯಾಸ್ ಸಿಲಿಂಡರ್ ಬಂತು. ಕೋಣೆಯ ಬಾಗಿಲು ಹಾಕಿದ್ದೇನೆ ಅಂದುಕೊಂಡಿದ್ದೆ, ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಸಿಲಿಂಡರ್ ಹುಡುಗ ಖಾಲಿಯದನ್ನು ಹೊತ್ತು ತಿರುಗುವಷ್ಟರಲ್ಲಿ ಅವನ ಕಾಲಿನ ಸಂದಿಯಿಂದ ಒಂದು ಬೂದು ಗೆರೆ ಹಾಯ್ದು ಹೋಯಿತು.

ಮೊದಲು ಬೀದಿಗೆ ಓಡಿದೆ. ಅವಳು ಹೋಗಿದ್ದು ಮೇಲಕ್ಕೆ. ಟೆರೇಸಿನ ನೀರಿನ ಟ್ಯಾಂಕಿನ ಹಿಂದಿನಿಂದ ಒಂದು ಚೀತ್ಕಾರ ಬಂತು. ಅಷ್ಟು ದಿನದ ಕೂಗಿನ ಹಾಗಿರಲಿಲ್ಲ. ಚಿಕ್ಕದು, ಚೂಪು, ನೋವಿನದು. ನಾನು ಹತ್ತಿರ ಹೋಗುವಷ್ಟರಲ್ಲಿ ಜೀರಿಗೆ ಆ ಕೆಂಚನ ಮುಖಕ್ಕೆ ಪಂಜ ಬೀಸಿ ಓಡಿಸಿದ್ದಳು. ಬಿಸಿ ಸಿಮೆಂಟಿನ ಮೇಲೆ ಉರುಳಾಡಿ ತನ್ನನ್ನು ತಾನೇ ನೆಕ್ಕಿಕೊಳ್ಳುತ್ತಿದ್ದಳು. ಎತ್ತಿಕೊಳ್ಳಲು ಹೋದರೆ ನನಗೂ ಪರಚಿದಳು. ಟವೆಲ್ ಹೊದಿಸಿ ಎತ್ತಿಕೊಂಡು ಕೆಳಗೆ ಬಂದೆ. ಮನೆ ಬಿಟ್ಟು ಹೋದವಳು ಸಿಗಲು ಅರ್ಧ ಗಂಟೆಯೂ ಆಗಿರಲಿಲ್ಲ.

ಡಾಕ್ಟರು ಎಲ್ಲ ಕೇಳಿಕೊಂಡರು. ಗಂಡು ಬೆಕ್ಕಿನ ಅಂಗದ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ, ಆ ಚೀತ್ಕಾರ ಅದರದ್ದು, ಅಂಡ ಬಿಡುಗಡೆ ಆಗುವುದೂ ಅದರಿಂದಲೇ ಅಂದರು. ಕತ್ತಿನ ಹಿಂದೆ ಕಚ್ಚಿದ ಗಾಯ ಇದೆಯಾ ಅಂತ ಕೂದಲು ಬಿಡಿಸಿ ನೋಡಿದರು. ರೇಬಿಸ್ ಲಸಿಕೆ ಆಗಿತ್ತು, ಅದೊಂದು ಸಮಾಧಾನ. "ಎರಡು ದಿನದಲ್ಲಿ ಕೂಗು ನಿಂತರೆ ಗರ್ಭ ನಿಂತಿರಬಹುದು ಅಂದುಕೊಳ್ಳಿ" ಅಂದರು. ಎರಡನೇ ದಿನಕ್ಕೇ ನಿಂತಿತು. ಮೊದಲ ಸಲ ಆ ನಿಶ್ಶಬ್ದಕ್ಕೆ ಎಷ್ಟು ಕಾದಿದ್ದೆ. ಈ ಸಲ ಅದೇ ನಿಶ್ಶಬ್ದಕ್ಕೆ ಎದೆ ಭಾರವಾಯಿತು.

ನನ್ನ ಮುಂದೆ ಎರಡು ದಾರಿ ಇತ್ತು. ಒಂದು, 63ರಿಂದ 65 ದಿನ ಕಾಯುವುದು, ಮೂರೋ ನಾಲ್ಕೋ ಐದೋ ಮರಿ ಬರುವುದು, ಅವಕ್ಕೆ ಮನೆ ಹುಡುಕುವುದು. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು ಅಂತಲೂ ಡಾಕ್ಟರು ಹೇಳಿದ್ದರು. ಇನ್ನೊಂದು, ಎರಡು ವಾರ ಬಿಟ್ಟು ಆಪರೇಷನ್ ಮಾಡಿಸುವುದು. ಆಗ ಗರ್ಭವಿದ್ದರೆ ಅದೂ ಹೋಗುತ್ತದೆ. ಜೀರಿಗೆಗೆ ಇನ್ನೂ ಎಂಟು ತಿಂಗಳೂ ತುಂಬಿರಲಿಲ್ಲ.

ಯುಗಾದಿಗೆ ಊರಿಗೆ ಹೋಗಲಿಲ್ಲ. ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಬೇವುಬೆಲ್ಲದ ಮಾತು ಮುಗಿದ ಮೇಲೆ ಜೀರಿಗೆಯ ವಿಷಯ ಹೇಳಿದೆ. ಅಮ್ಮ ಮತ್ತೆ ಮರಿ ಹಾಕ್ಲಿ ಅನ್ನಬಹುದು ಅಂದುಕೊಂಡಿದ್ದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು.

"ನಿಂಗೆ ಗೊತ್ತಿಲ್ಲೆ ಕೂಸೇ" ಅಂದಳು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲೊಂದು ಬಿಳಿ ಬೆಕ್ಕಿತ್ತು. ವರ್ಷಕ್ಕೆ ಎರಡು ಸಲ ಮರಿ ಹಾಕುತ್ತಿತ್ತು. ಅಟ್ಟದಲ್ಲಿ, ಅಡಿಕೆ ಚೀಲದ ಮರೆಯಲ್ಲಿ, ಕೊಟ್ಟಿಗೆಯ ಹುಲ್ಲಿನಲ್ಲಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ನಾವು ಮಕ್ಕಳು ಖುಷಿಯಿಂದ ಹುಡುಕುತ್ತಿದ್ದೆವು. ಕೆಲವು ದಿನದ ಮೇಲೆ ಮರಿಗಳು ಕಾಣುತ್ತಿರಲಿಲ್ಲ. ಎಲ್ಲಿ ಅಂತ ಕೇಳಿದರೆ ಏಳನೇ ಮನೆಗೆ ಹೋದವು ಅನ್ನುತ್ತಿದ್ದಳು ಅಮ್ಮ. ಕೆಲವನ್ನು ಮಾಳ ಬೆಕ್ಕು, ಅಂದರೆ ಗಡವ, ಕೊಂದು ಹಾಕುತ್ತಿತ್ತಂತೆ. ಉಳಿದವನ್ನು ಅಜ್ಜ ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರಂತೆ. ತಾಯಿ ಬೆಕ್ಕು ನಾಲ್ಕು ದಿನ ಮನೆಯ ಸುತ್ತ ಹುಡುಕುತ್ತಿತ್ತು, ಮೊಲೆ ಬಿಗಿದುಕೊಂಡು. ಅಮ್ಮ ಅದಕ್ಕೆ ಅನ್ನ ಹಾಲು ಕಲೆಸಿ ಇಟ್ಟರೆ ಮುಟ್ಟುತ್ತಿರಲಿಲ್ಲ. "ಆಗ ಆಪರೇಷನ್ ಅಂತ ಇದ್ದಿದ್ದು ಯಾರಿಗೆ ಗೊತ್ತಿತ್ತು? ಗೊತ್ತಿದ್ರೆ ನಾನೇ ಹೊತ್ಕಂಡು ಹೋಗ್ತಿದ್ದೆ" ಅಂದಳು. ಆ ಬಿಳಿ ಬೆಕ್ಕು ನನ್ನ ನೆನಪಿನಲ್ಲಿ ಬಿಸಿಲಿಗೆ ಮಲಗಿದ ಬೆಕ್ಕಾಗಿ ಮಾತ್ರ ಉಳಿದಿತ್ತು.

ಮರುದಿನ ಕ್ಲಿನಿಕ್‌ಗೆ ಫೋನ್ ಮಾಡಿ ದಿನ ಗಟ್ಟಿ ಮಾಡಿದೆ. ಅದು ಟೆರೇಸಿನ ಆ ದಿನದಿಂದ ಹದಿನೇಳನೇ ದಿನ. ಈ ಸಲ ಆಫೀಸಿನಲ್ಲಿ ನೇರವಾಗಿ, ನನ್ನ ಬೆಕ್ಕಿಗೆ ಆಪರೇಷನ್ ಇದೆ, ಮೂರು ದಿನ ರಜೆ ಬೇಕು ಅಂತ ಬರೆದೆ. ಕೊಟ್ಟರು.

ಹಿಂದಿನ ರಾತ್ರಿ ಹತ್ತಕ್ಕೆ ಊಟದ ಬಟ್ಟಲು ಎತ್ತಿಟ್ಟೆ. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕ್ಕೆ ಹೋಗುವ ಅಪಾಯ ಇರುತ್ತದೆ. ಬೆಳಗ್ಗೆ ಬಟ್ಟಲು ಇದ್ದ ಜಾಗ ಮೂಸಿ ನನ್ನ ಮುಖ ನೋಡಿದಳು. ಬುಟ್ಟಿಯಲ್ಲಿ ನನ್ನ ಹಳೆಯ ದುಪಟ್ಟಾ ಹಾಸಿ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಆಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅದರಲ್ಲಿ ಗರ್ಭದ ವಿಷಯವನ್ನೂ ಬೇರೆ ಸಾಲಿನಲ್ಲಿ ಬರೆದಿದ್ದರು. ಅಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಸುಮಾರು ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. ಅವಳು ಚೆನ್ನಾಗಿದ್ದಾಳೆ ಅಂತ ಮೊದಲು ಹೇಳಿದರು. ಆಮೇಲೆ, "ಇತ್ತು" ಅಂದರು. ನಾಲ್ಕು. ಬಟಾಣಿ ಕಾಳಿನಷ್ಟು. ನೋಡ್ತೀರಾ ಅಂತ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ಹುಬ್ಬಳ್ಳಿಯ ಆ ಎರಡು ದಿನ ನೆನಪಾಯಿತು. ಪಕ್ಕದಲ್ಲಿ ನಾಯಿ ಹಿಡಿದು ಕೂತಿದ್ದ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು.

ಔಷಧಿ, ಗಾಯ ನೆಕ್ಕದ ಹಾಗೆ ಕತ್ತಿಗೆ ಹಾಕುವ ಕೋನ್, ರಕ್ತ ಪರೀಕ್ಷೆ ಎಲ್ಲ ಸೇರಿ 6,500 ರೂಪಾಯಿ ಆಯಿತು. ಸಂಜೆ ಮನೆಗೆ ಕರೆತಂದೆ. ಅವಳ ಕಣ್ಣಿನ ಪಾಪೆ ಅಗಲವಾಗಿ ತೆರೆದಿತ್ತು, ಎಲ್ಲಿಯೂ ನೋಡುತ್ತಿರಲಿಲ್ಲ. ನಿಲ್ಲಲು ಹೋಗಿ ಬೀಳುತ್ತಿದ್ದಳು. ಮಂಚದ ಮೇಲೆ ಬಿಡದೆ ನೆಲದ ಮೇಲೇ ಹಾಸಿಗೆ ಮಾಡಿದೆ. ಅವತ್ತು ರಾತ್ರಿ ಜೋರು ಮಳೆ ಬಂದು ಕರೆಂಟ್ ಹೋಯಿತು. ಅರಿವಳಿಕೆಯ ನಂತರ ಬೆಕ್ಕಿನ ಮೈ ತಣ್ಣಗಾಗುತ್ತದೆ, ಬೆಚ್ಚಗಿಡಿ ಅಂದಿದ್ದರು. ಬೆದೆಯ ರಾತ್ರಿಗಳ ಅದೇ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಬೆನ್ನಿಗೆ ಒತ್ತಿಟ್ಟೆ. ಮೇಣದಬತ್ತಿಯ ಬೆಳಕಿನಲ್ಲಿ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತ ಕೂತೆ. ಬೆಳಗಿನ ಜಾವ ನಾಲ್ಕಕ್ಕೆ ತಲೆ ಎತ್ತಿ ಒಂದು ಸಣ್ಣ ಮಿಯಾಂ ಅಂದಳು. ಅವಳ ಹಳೆಯ ದನಿ.

ಮುಂದಿನ ಹತ್ತು ದಿನದ ಕಷ್ಟ ಕೋನ್‌ನದ್ದು. ಅದು ಕತ್ತಿಗೆ ಹಾಕಿದ ತಕ್ಷಣ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಹೋಗಿ ನಿಂತಳು. ಊಟಕ್ಕೂ ಅಡ್ಡ. ಕೆಳಗಿನ ಪಿಯುಸಿ ಹುಡುಗಿ, ಪರೀಕ್ಷೆ ಮುಗಿದಿತ್ತು, ತನ್ನ ಹಳೆಯ ಲೆಗ್ಗಿಂಗ್ಸಿನ ಕಾಲು ಕತ್ತರಿಸಿ, ನಾಲ್ಕು ತೂತು ಮಾಡಿ, ಬೆನ್ನಿಗೆ ಲಾಡಿ ಹೊಲಿದು ಅಂಗಿ ಮಾಡಿಕೊಟ್ಟಳು. ಹೊಲಿಗೆಯನ್ನು ನೆಕ್ಕದ ಹಾಗೆ ಅದು ಚೆನ್ನಾಗಿ ಕಾಪಾಡಿತು. ದಿನಕ್ಕೆರಡು ಸಲ ಅಂಗಿ ಎತ್ತಿ ಗಾಯ ನೋಡುತ್ತಿದ್ದೆ, ಕೆಂಪಾಗಿದೆಯಾ, ಊದಿದೆಯಾ, ನೀರು ಬರುತ್ತಿದೆಯಾ ಅಂತ. ಮರಳಿನ ಡಬ್ಬದಲ್ಲಿ ಮರಳು ತೆಗೆದು ಪೇಪರ್ ಹರಿದು ಹಾಕಿದ್ದೆ, ಗಾಯಕ್ಕೆ ಪುಡಿ ಅಂಟಬಾರದು ಅಂತ. ಬೀರುವಿನ ಮೇಲೆ ಹಾರದ ಹಾಗೆ ಕುರ್ಚಿ, ಸ್ಟೂಲುಗಳನ್ನೆಲ್ಲ ಹೊರಗಿಟ್ಟೆ. ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಇನ್ನು ಮೇಲೆ ಊಟ ಸ್ವಲ್ಪ ಕಡಿಮೆ ಮಾಡಿ, ಆಪರೇಷನ್ ಆದ ಬೆಕ್ಕು ಬೇಗ ದಪ್ಪ ಆಗುತ್ತೆ ಅಂದರು. ಮುಂದೆ ಯಾವತ್ತಾದರೂ ಬೆದೆಯ ಲಕ್ಷಣ ಕಂಡರೆ ಅಂಡಾಶಯದ ಚೂರು ಉಳಿದಿದೆ ಅಂತ ಅರ್ಥ, ಬಂದು ತೋರಿಸಿ ಅಂದರು.

ಕ್ಯಾಲೆಂಡರಿನಲ್ಲಿ ಮೂರನೇ ಬೆದೆ ಬರಬಹುದಾಗಿದ್ದ ವಾರ ಕಳೆಯಿತು. ನನಗೆ ಮಾತ್ರ ರಾತ್ರಿ ಎರಡಕ್ಕೆ ಎಚ್ಚರವಾಗುವುದು ತಪ್ಪಿಲ್ಲ. ಎದ್ದು ನೋಡಿದರೆ ಅವಳು ಕಾಲ ಬುಡದಲ್ಲಿ ಸುತ್ತಿಕೊಂಡು ಮಲಗಿರುತ್ತಾಳೆ. ಹೊಟ್ಟೆಯ ಬೋಳಿಸಿದ ಜಾಗದಲ್ಲಿ ಕೂದಲು ಬಂದಿದೆ, ಮೊದಲಿಗಿಂತ ಸ್ವಲ್ಪ ಕಪ್ಪಾಗಿ.

ಕೆಂಚ ಈಗಲೂ ಶೀಟಿನ ಮೇಲೆ ಬರುತ್ತಾನೆ. ಜಾಲರಿಯ ಆಚೆ ಸ್ವಲ್ಪ ಹೊತ್ತು ಕೂರುತ್ತಾನೆ. ಜೀರಿಗೆ ಒಂದು ಸಲ ನೋಡಿ ಮತ್ತೆ ಕಣ್ಣು ಮುಚ್ಚುತ್ತಾಳೆ. ಅವನ ಇನ್ನೊಂದು ಕಿವಿಯೂ ಹರಿದಿದೆ, ಕೆನ್ನೆಯಲ್ಲಿ ಹೊಸ ಗಾಯ ಇದೆ. ಇನ್ನೆಲ್ಲೋ ಯಾವುದೋ ಮನೆಯ ಮುಂದೆ ಜಗಳ ಆಡಿ ಬಂದಿರುತ್ತಾನೆ. ಅಜ್ಜಿ ಅವನಿಗೂ ಒಂದು ಹಿಡಿ ಅನ್ನ ಇಡಲು ಶುರು ಮಾಡಿದ್ದಾರೆ. ಹಿಡಿಯಲು ಪಂಜರ ಕೊಡುತ್ತೀರಾ ಅಂತ ಕ್ಲಿನಿಕ್‌ನಲ್ಲಿ ಕೇಳಿದ್ದೇನೆ. ಮುಂದಿನ ವಾರ ಬನ್ನಿ ಅಂದಿದ್ದಾರೆ.